ಮೂಡಲಪಾಳ್ಯದ ಇಂಗ್ಲಿಷ್ ಮನೆ

ಒಂದು ಚಿಮಣಿಗೆ ಇಪ್ಪತ್ತೆರಡು ಸಾವಿರ ರೂಪಾಯಿ! ಮೂವತ್ತು ಹೇಳಿದ್ದನ್ನು ನಾನೇ ಚೌಕಾಸಿ ಮಾಡಿ ಇಳಿಸಿದ್ದು. ವಿಜಯನಗರಕ್ಕೆ ಮೆಟ್ರೋ ಕಂಬಗಳು ಬರುವುದಕ್ಕೂ ಮುಂಚಿನ ಮಾತು. ಆ ದುಡ್ಡಿಗೆ ಇನ್ನೊಂದು ಬಾತ್‌ರೂಮೇ ಆಗುತ್ತಿತ್ತು. "ಚಿಮಣಿ ಯಾಕೆ ದೊಡ್ಡಪ್ಪ?" ಎಂದರೆ "ಚಿತ್ರದಲ್ಲಿದೆಯಲ್ಲೋ!" ಎಂಬ ಉತ್ತರ. ನನ್ನ ದೊಡ್ಡಪ್ಪನಿಗೆ ಬುದ್ಧಿ ಹೇಳುವುದಕ್ಕಿಂತ ಮೂಡಲಪಾಳ್ಯದಲ್ಲಿ ಹಿಮ ಬೀಳಿಸುವುದು ಸುಲಭ.

ಚಿತ್ರವೆಂದರೆ ಒಂದು ಹಳೆಯ ಕ್ಯಾಲೆಂಡರ್. ಅದರಲ್ಲಿ ಇಂಗ್ಲೆಂಡಿನ ಯಾವುದೋ ಹಳ್ಳಿಮನೆ: ತಾತ ಮುತ್ತಾತಂದಿರ ಕಾಲದ ಒಂದು ಕಲ್ಲಿನ ಕೋಣೆ, ನೆತ್ತಿಯ ಮೇಲೆ ಚಿಮಣಿ, ಪಕ್ಕಕ್ಕೆ ಮೊಮ್ಮಕ್ಕಳು ಯಾವಾಗಲೋ ಸೇರಿಸಿದ ಇಟ್ಟಿಗೆಯ ಭಾಗ, ಅದಕ್ಕೊಂದು ತಗ್ಗಿನ ಮಾಡು. ಮೂವತ್ತು-ನಲವತ್ತರ ಸೈಟಿನಲ್ಲಿ ಇದೇ ಬೇಕಂತೆ!

ಮೇಸ್ತ್ರಿ ಸೈಜುಗಲ್ಲಿನಲ್ಲಿ ಚಿಮಣಿ ಸಮೇತ ಅಡುಗೆಮನೆ ಎಬ್ಬಿಸಿದ. ಅದಕ್ಕೆ ಗಾರೆ ಬಳಿಯಲು ದೊಡ್ಡಪ್ಪ ಬಿಡಲಿಲ್ಲ. ಎದುರುಮನೆಯ ಆಂಟಿ ಮರುಕದಿಂದ ಕೇಳಿದರು, "ಪ್ಲಾಸ್ಟರಿಂಗ್‌ಗೆ ದುಡ್ಡು ಸಾಲ್ಲಿಲ್ವಾ ಸಾರ್?"

ಆಮೇಲೆ ಇಟ್ಟಿಗೆಯ ಹಾಲ್. ದಾರ ಹಿಡಿದು ನೆಟ್ಟಗೆ ಕಟ್ಟಿದ ಗೋಡೆ ಕಂಡು ದೊಡ್ಡಪ್ಪ ಕೂಗಾಡಿದರು. "ನೂರು ವರ್ಷ ಬಿಟ್ಟು ಬೇರೆ ಯಾರೋ ಕಟ್ಟಿದ ಹಾಗೆ ಕಾಣ್ಬೇಕು ಕಣಯ್ಯಾ! ಸ್ವಲ್ಪ ಸೊಟ್ಟ ಮಾಡು!"

ಇಂಥ ಸಂದರ್ಭ ನಾನು ಬಿಟ್ಟೇನೆಯೇ? "ಸೊಟ್ಟ ಗೋಡೆ ತಾನೇ, ಕೂಲಿ ಕಮ್ಮಿ ಮಾಡ್ಕೊ" ಎಂದೆ ಮೇಸ್ತ್ರಿಗೆ.

"ಜಾಸ್ತಿನೇ ಆಗುತ್ತೆ ಸಾರ್. ಸೊಟ್ಟ ಕಟ್ಟಿ ನಂಗೆ ಅಭ್ಯಾಸ ಇಲ್ಲ."

ಜೀವಮಾನದಲ್ಲಿ ನಾನು ಸೋತ ಚೌಕಾಸಿ ಅದೊಂದೇ!

ಗೃಹಪ್ರವೇಶದ ಹೋಮ ಹಾಲ್‌ನಲ್ಲಾಗಲಿ ಎಂದರು ಪುರೋಹಿತರು. ಚಿಮಣಿಯ ಕೆಳಗೇ ಆಗಬೇಕೆಂದು ದೊಡ್ಡಪ್ಪನ ಪಟ್ಟು. "ಅಡುಗೆಮನೇಲಾ!" ಎಂದು ನೆಂಟರೆಲ್ಲ ನಕ್ಕರು.

ದೊಡ್ಡಮ್ಮ ನಗಲಿಲ್ಲ. ಅವರಿಗೆ ಉಬ್ಬಸ. ಮದುವೆಯಾದ ಮೇಲೆ ಒಂದು ಹೋಮದಲ್ಲೂ ಗಂಡನ ಪಕ್ಕ ಪೂರ್ತಿ ಕೂತವರಲ್ಲ; ಹೊಗೆ ಎದ್ದ ಕೂಡಲೇ ಕೆಮ್ಮುತ್ತ ಬೀದಿಗೆ ಓಡಬೇಕು. ಉಳಿದ ತುಪ್ಪವನ್ನು ದೊಡ್ಡಪ್ಪ ಒಬ್ಬರೇ ಹಾಕಿ ಮುಗಿಸುತ್ತಿದ್ದರು.

ಅಂದೂ ಹೊಗೆ ಎದ್ದಿತು. ದೊಡ್ಡಮ್ಮ ಸೆರಗಿನ ತುದಿ ಹಿಡಿದು ಏಳಲು ಸಿದ್ಧರಾದರು. ಹೊಗೆ ಒಮ್ಮೆ ಹೊಯ್ದಾಡಿ, ದಾರಿ ಗೊತ್ತಿದ್ದಂತೆ ನೇರ ಮೇಲಕ್ಕೆ ಹೊರಟಿತು. ದೊಡ್ಡಪ್ಪನ ತೋಳು ಮುಟ್ಟಿಕೊಂಡು ದೊಡ್ಡಮ್ಮ ಪೂರ್ಣಾಹುತಿಯವರೆಗೂ ಕೂತರು.

"ಮುಗೀತಾ?" ಎಂದು ಮೆಲ್ಲಗೆ ಕೇಳಿದರು. ಪಾಪ, ಹೋಮ ಮುಗಿಯುವುದನ್ನು ಅವರು ನೋಡಿಯೇ ಇರಲಿಲ್ಲ.

ಮನೆ ಕಟ್ಟಿಸುವವರೇ, ಕಲ್ಲು, ಸಿಮೆಂಟು, ಕೂಲಿ, ಎಲ್ಲದರಲ್ಲೂ ಧಾರಾಳವಾಗಿ ಚೌಕಾಸಿ ಮಾಡಿ. ಆದರೆ ನಕ್ಷೆ ಬರೆಸುವ ಮೊದಲು ಮನೆಯಲ್ಲಿ ಯಾರು ಕೆಮ್ಮುತ್ತಾರೆ ಎಂದು ಒಂದಿಷ್ಟು ಕಿವಿಗೊಡಿ.