ಮಂಚಗಳ ಕೊರತೆ ಇಲ್ಲ

ವಿಧಾನಸಭೆಯಲ್ಲಿ ದವಾಖಾನೆಗಳ ಅನುದಾನದ ಮಾತು ಬಂದಾಗಲೆಲ್ಲ ಇಲ್ಲಿ ನನ್ನ ಮಾನ ಒಂದಿಷ್ಟು ಹೋಗುತ್ತಿತ್ತು. ಎಪ್ಪತ್ತರ ದಶಕದ ಕೊನೆಗೆ ಶಿರಹಟ್ಟಿ ಕಡೆಯ ಒಂದು ಸಣ್ಣ ಸರಕಾರಿ ದವಾಖಾನೆಯಲ್ಲಿ ನಾನು ಗುಮಾಸ್ತ. ಈಗ ನಗುತ್ತ ಹೇಳುತ್ತೇನೆ, ನಾಚಿಕೆ ಮಾತ್ರ ಹಾಗೇ ಇದೆ.

ಬಾಟಲಿ

ಅಧಿವೇಶನ ಮುಗಿದು ಅನುದಾನ ಮಂಜೂರಾಗುವವರೆಗೆ ಹೊಸ ಔಷಧ ಬರುತ್ತಿರಲಿಲ್ಲ. ಜನ ಮಾತ್ರ ಮನೆಯಿಂದ ಖಾಲಿ ಬಾಟಲಿ ಹಿಡಿದು ಬರುತ್ತಲೇ ಇದ್ದರು. ಕಂಪೌಂಡರ್ ರಜೆಯಲ್ಲಿದ್ದ. "ಇದ್ದದ್ದರಾಗ ನಿಭಾಯಿಸ್ರಿ" ಎಂದರು ಡಾಕ್ಟರು. ನಾನು ಕೆಮ್ಮಿನ ಔಷಧಕ್ಕೆ ನೀರು ಬೆರೆಸಿದೆ, ಮರುದಿನ ಇನ್ನಷ್ಟು ಬೆರೆಸಿದೆ.

ವಾರದ ಮೇಲೆ ಸೊರಟೂರಿನ ಅಜ್ಜಿಯೊಬ್ಬಳು ಬಂದಳು. "ಕೆಮ್ಮು ಹಂಗ ಐತ್ರಿ ಸಾಹೇಬ್ರ. ನೀರಡಿಕಿ ಮಾತ್ರ ಪೂರಾ ಹೋತು."

ಉತ್ತರ

ಶಾಸಕರೊಬ್ಬರು ಸಭೆಯಲ್ಲಿ ಪ್ರಶ್ನೆ ಹಾಕಿದ್ದರಂತೆ: ಯಾವ ದವಾಖಾನೆಯಲ್ಲಿ ಎಷ್ಟು ಮಂಚ ಕಡಿಮೆ? ಉತ್ತರ ಕೇಳಿ ನಮಗೂ ಕಾಗದ ಬಂತು. ನಮಗೆ ಆರು ಬೇಕು, ಇದ್ದವು ಎರಡು. ಖರೆ ಬರೆದರೆ "ಇಷ್ಟು ದಿನ ಯಾಕೆ ತಿಳಿಸಲಿಲ್ಲ" ಎಂದು ಮೇಲಿನವರು ನನ್ನನ್ನೇ ಹಿಡಿಯುತ್ತಾರೆ. "ಕೊರತೆ ಇಲ್ಲ" ಎಂದು ಬರೆದೆ.

ಸಹಿಗೆ ಪೆನ್ನು ತೆಗೆದ ಡಾಕ್ಟರು, "ಇದು ಖರೆ ಏನ್ರಿ?" ಎಂದರು.

"ಇರೋ ಎರಡರಾಗ ಒಂದೂ ಕಡಿಮಿ ಆಗಿಲ್ಲ ಬಿಡ್ರಿ ಸರ್" ಎಂದೆ. ಸಹಿ ಬಿತ್ತು.

ಮಂಚ

ಬರುವ ವರ್ಷ ಯಾರಿಗೆ ಮಂಚ ಕೊಡಬೇಕೆಂದು ನಿರ್ಧರಿಸಲು ಶಾಸಕರ ಸಮಿತಿಯೇ ಬರುತ್ತದೆಂದು ಖಬರ ಬಂತು. ನನ್ನ ಸುಳ್ಳು ಬಯಲಾದರೆ ನೌಕರಿಗೇ ಸಂಚಕಾರ. ಊರಲ್ಲಿ ತಿರುಗಿ ಮೂರು ಮಂಚ ಕಡ ತಂದೆ, ನಾಲ್ಕನೆಯದು ನಮ್ಮ ಮನೆಯದೇ. ಜ್ವರ ಬಂದು ನಾಲ್ಕು ದಿನದಿಂದ ದವಾಖಾನೆಯ ನೆಲದ ಮೇಲೆ ಮಲಗಿದ್ದ ಅದೇ ಸೊರಟೂರಿನ ಅಜ್ಜಿಯನ್ನು ಅದರ ಮೇಲೆ ಮಲಗಿಸಿದೆ.

ಸಮಿತಿಯವರೊಬ್ಬರು ಬಗ್ಗಿ ಕೇಳಿದರು: "ಅಜ್ಜಿ, ಇಲ್ಲಿ ಏನಾದರೂ ಕೊರತೆ ಇದೆಯೇ?"

ಅವರ ಬೆನ್ನ ಹಿಂದೆ ನಿಂತು ನಾನು ಅಜ್ಜಿಗೆ ಕೈಮುಗಿದೆ.

"ಏನೂ ಇಲ್ರಿ ಯಪ್ಪಾ" ಎಂದಳು. "ಬಂದವರ ಮುಂದ ಮನಿ ಕೊರತಿ ಹೇಳಬಾರದ್ರಿ."

ಸಮಿತಿಯವರು ನಕ್ಕರು. ನಮಗೆ ಬರಬಹುದಾಗಿದ್ದ ಮಂಚಗಳು ಮುಂಡರಗಿ ಕಡೆ ಹೋದವು.

ಸಮಿತಿ ಬಂದ ದಿನ ಸಂಜೆಯೇ ಕಡ ಕೊಟ್ಟ ಮೂವರೂ ತಮ್ಮ ಮಂಚ ಒಯ್ದರು. ನಮ್ಮ ಮನೆಗೆ ಬೀಗರು ಬಂದಿದ್ದರು, ಅವರಿಗೆ ಮಂಚ ಬೇಕಾಗಿತ್ತು. ನಾನೂ ಹೋಗಿ ಅಜ್ಜಿಯ ಮುಂದೆ ತಲೆ ತಗ್ಗಿಸಿ ನಿಂತೆ.

ಅಜ್ಜಿ ತಾನೇ ಇಳಿದು ಚಾಪೆ ಹಾಸಿಕೊಂಡಳು. "ಒಯ್ಯಿರಿ ಸಾಹೇಬ್ರ. ಮ್ಯಾಲಿಂದ ಬಿದ್ದುಗಿದ್ದೇನೋ ಅಂತ ದಿನ ಪೂರಾ ಅಂಜಿಕಿ ಇತ್ತು. ನೆಲದ ಮ್ಯಾಲ ಮಲಗಿದವ್ರು ಎಲ್ಲಿಗೆ ಬೀಳತಾರ?"