ಅಂಗಳಕ್ಕೆ ಬಂದ ಸ್ಪೇನಿನ ಸಾವು

ಲಿಂಗಪೂಜೆ ಮಾಡುವವರಿಗೆ ಸಾವಿನ ಅಂಜಿಕೆ ಇರಬಾರದು ಎಂದು ಓಣಿಯ ಹೆಂಗಸರಿಗೆ ನಾನು ಎಷ್ಟು ಸಲ ಹೇಳಿದ್ದೇನೋ. ಹೊಟ್ಟೆ ತುಂಬಿದ ಮೇಲೆ ಕಟ್ಟೆಯ ಮೇಲೆ ಕುಳಿತು ಹೇಳುವಾಗ ಅದು ಬಹಳ ಸುಲಭದ ಮಾತು.

ನನ್ನ ಮಗಳು ಗೌರಿ ಹೈದರಾಬಾದಿನಲ್ಲಿ ಸ್ಪೇನ್ ದೇಶದ ಹಳೆಯ ನಾಟಕಗಳನ್ನು ಓದುತ್ತಾಳೆ. ನಮ್ಮ ಭಾಲ್ಕಿಯಲ್ಲಿ ಇದನ್ನು ಹೇಳಿದರೆ, "ಅದಕ್ಕ ನೌಕರಿ ಸಿಗ್ತದೇನ್ರಿ?" ಎನ್ನುತ್ತಾರೆ, ನಾನು ಸೆರಗು ಸರಿಮಾಡಿಕೊಳ್ಳುತ್ತೇನೆ. ಆ ಕಾಲದಲ್ಲಿ ಅಲ್ಲಿ ಮನೆಗಳ ನಡುವಿನ ಅಂಗಳದಲ್ಲಿ, ಹಗಲು ಬೆಳಕಿನಲ್ಲೇ ನಾಟಕ ಆಡುತ್ತಿದ್ದರಂತೆ. ಹೆಂಗಸರು ಕೂಡುವುದಕ್ಕೆ ಬೇರೆ ಜಾಗ. ಅದಕ್ಕೆ ಅಡಿಗೆ ಪಾತ್ರೆಯ ಹೆಸರಿಟ್ಟಿದ್ದರಂತೆ. ಅಷ್ಟು ದೂರ ಹೋದರೂ ಹೆಂಗಸರಿಗೆ ಪಾತ್ರೆ ತಪ್ಪಲಿಲ್ಲ! ಕೆಲವು ನಾಟಕಗಳಲ್ಲಿ ಸಾವೇ ಮನುಷ್ಯರೂಪದಲ್ಲಿ ಬಂದು ಒಬ್ಬೊಬ್ಬರನ್ನು ಕರೆಯುತ್ತದಂತೆ. ಪರೀಕ್ಷೆಗೆಂದು ಗೌರಿ ಅಂಥದೊಂದು ದೃಶ್ಯವನ್ನು ಅದೇ ಪದ್ಧತಿಯಲ್ಲಿ ನಮ್ಮ ಮನೆಯ ಅಂಗಳದಲ್ಲಿ ಆಡಿಸಿ, ನಡುವೆ ನಿಲ್ಲಿಸದೆ ಮೊಬೈಲಿನಲ್ಲಿ ಹಿಡಿದು ಅಂದೇ ಮೇಷ್ಟ್ರಿಗೆ ಕಳಿಸಬೇಕಿತ್ತು. ಇಲ್ಲದಿದ್ದರೆ ಅವಳ ಒಂದು ವರ್ಷ ಹೋದಂತೆಯೇ. ಅದರಲ್ಲಿ ಸಾಹುಕಾರನ ಹೆಂಡತಿಯ ಪಾತ್ರ ನನ್ನದು. ಸಾವು, ಔರಾದಿನ ಅವಳ ಗೆಳತಿ ಸುಜಾತಾ.

ಮಧ್ಯಾಹ್ನ ಸುಜಾತಾಳ ಫೋನು ಬಂತು: ಬಸ್ಸು ಸಂತಪುರದಲ್ಲಿ ಕೆಟ್ಟು ನಿಂತಿದೆ. ಗೌರಿ ತನ್ನ ಅಜ್ಜಿ ಮಲಗಿದ್ದ ಒಳಕೋಣೆಗೆ ಹೋಗಿ ಅತ್ತಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, "ಅವ್ವಾ, ನೀ ಒಬ್ಬಾಕಿನೇ ಕೂಡು. ನಿನಗ ತಿಳಿದಂಗ ಮಾತಾಡು," ಎಂದು ಮೊಬೈಲ್ ಹಿಡಿದು ನಿಂತಳು.

ಕುಳಿತೆ. ಬಿಸಿಲು ಅಂಗಳದ ಕಲ್ಲಿನ ಮೇಲೆ ಅಲುಗದೆ ಬಿದ್ದಿತ್ತು. ಬೇವಿನ ಮರದ ಗುಬ್ಬಿಗಳು ಒಮ್ಮೆಲೇ ಸುಮ್ಮನಾದವು. ಒಳಗಿನ ಕತ್ತಲೆಯಿಂದ ಬೆಳ್ಳನೆಯದೊಂದು ಹೊರಬಂತು. ಹೆಜ್ಜೆ ಸಪ್ಪಳವಿಲ್ಲ. ಮುಖ ಸುಣ್ಣದ ಗೋಡೆಯಂತೆ. ಕಣ್ಣಿನ ಜಾಗದಲ್ಲಿ ಎರಡು ಕರಿಯ ಗುಳಿ. ಸುಜಾತಾ ಸಂತಪುರದಲ್ಲಿದ್ದಾಳೆ. ಗೌರಿ ಎದುರಿಗೇ ಇದ್ದಾಳೆ. ಮತ್ತೆ ಇದು ಯಾರು? ಕೊರಳಿನ ಲಿಂಗವನ್ನು ಹಿಡಿದುಕೊಂಡೆ. ತಣ್ಣನೆಯ ಕೈಯೊಂದು ನನ್ನ ಹೆಗಲ ಮೇಲೆ ಬಂದು ಕುಳಿತಿತು.

"ನಡಿ," ಎಂದಿತು, ಬಾವಿಯ ತಳದಿಂದ ಬಂದಂಥ ದನಿ.

ನಮ್ಮಲ್ಲಿ ಊಟಕ್ಕಾಗಲಿ, ಬಾಗಿಲು ದಾಟುವುದಕ್ಕಾಗಲಿ ಹಿರಿಯರೇ ಮೊದಲು. ಮೂವತ್ತು ವರ್ಷದ ಪೂಜೆ ಎಲ್ಲಿ ಹೋಯಿತೋ, ಬಾಯಿಗೆ ಬಂದದ್ದು ಆ ರೂಢಿಯೊಂದೇ. "ನಾ ಹ್ಯಾಂಗ ಬರ್ಲಿರಿ? ಹಿರೇರು ಇರೋತನಕ ಸಣ್ಣಾಕಿ ನಾ ಮುಂದ ಹೋದ್ರ ಛಲೋ ಕಾಣಂಗಿಲ್ರಿ. ಅತ್ತಿಯವರು ಒಳಗ ಮಲ್ಕೊಂಡಾರ. ಎಬ್ಬಸ್ಲೇನ್ರಿ?"

ಸಾವು ನನ್ನ ಹೆಗಲಿನಿಂದ ಕೈ ತೆಗೆಯಿತು.

"ಎದ್ದೇನಿ ತಗೋ," ಎಂದಿತು.

ಜೋಳದ ಹಿಟ್ಟು ಬಳಿದ ಮುಖದಲ್ಲಿ ಎಲೆಅಡಿಕೆಯ ಕೆಂಪು ಹಲ್ಲುಗಳು ಕಂಡವು. ಮೊಮ್ಮಗಳ ಕಣ್ಣೀರು ನೋಡಲಾರದೆ ಅತ್ತೆಯವರು ಕಣ್ಣಿಗೆ ಕಾಡಿಗೆ ಬಳಿದುಕೊಂಡು, ಚಾದರ ಹೊದ್ದು, ಕೋಲು ಬಿಟ್ಟು ಎದ್ದು ಬಂದಿದ್ದರು.

ಗೌರಿ ಪಾಸಾದಳು. ತಾಯಿಯ ಅಂಜಿಕೆ ಬಹಳ ಸಹಜವಾಗಿದೆ ಎಂದು ಮೇಷ್ಟ್ರು ಬರೆದರಂತೆ. ಅವರಿಗೆ ಕನ್ನಡ ಬಾರದು. ಗೌರಿ ಸ್ಪ್ಯಾನಿಷ್‌ನಲ್ಲಿ ಬೇರೇನೋ ಅರ್ಥ ಬರೆದು ನನ್ನ ಮಾನ ಉಳಿಸಿದಳು. ಇದು ದೇವರ ಒಂದು ಉಪಕಾರ. ಅತ್ತೆಯವರು ನನ್ನೊಂದಿಗೆ ಮಾತು ಬಿಡಲಿಲ್ಲ, ಅದು ಇನ್ನೊಂದು. ಕಟ್ಟೆಯ ಮೇಲೆ ಈಗ ನಾನು ಉಪ್ಪಿನಕಾಯಿಯ ವಿಷಯವಷ್ಟೇ ಮಾತಾಡುತ್ತೇನೆ.

ಆದರೆ ಬಾಗಿಲ ಹತ್ತಿರ ಬಂದಾಗಲೆಲ್ಲ ಅತ್ತೆಯವರು ಕೋಲೂರಿ ಪಕ್ಕಕ್ಕೆ ನಿಲ್ಲುತ್ತಾರೆ. "ನಡಿಯವ್ವಾ, ಇವತ್ತ ನೀನೇ ಮುಂದ."

ಲಿಂಗ ಮುಟ್ಟಿಕೊಂಡು ದಾಟುತ್ತೇನೆ. ಬಿರುಬಿಸಿಲಿನಲ್ಲೂ ಹೆಗಲು ತಣ್ಣಗಾಗುತ್ತದೆ.