ಕಾಗವಾಡ ಶಾಖೆಯ ಬೋಣಿ

ದೊಡ್ಡ ಬ್ಯಾಂಕುಗಳಲ್ಲಿ ಕೆಲಸ ಮಾಡುವವರಿಗೆ ಒಂದು ಸುಖವಿದೆ. ಎಲ್ಲಿ ನೌಕರಿ ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ನನಗೆ ಆ ಪುಣ್ಯವಿಲ್ಲ. ನಮ್ಮ ಬ್ಯಾಂಕಿನ ಕೀರ್ತಿ ನಿಪ್ಪಾಣಿಯಲ್ಲಿ ಹುಟ್ಟಿ, ಚಿಕ್ಕೋಡಿ, ರಾಯಬಾಗ ಎನ್ನುತ್ತ ಅಥಣಿಯವರೆಗೆ ನಡೆದುಬಂದು ಅಲ್ಲಿ ದಣಿವಾರಿಸಿಕೊಳ್ಳುತ್ತ ಕೂತಿತ್ತು. ಬೆಳಗಾವಿಯ ಒಂದು ಮದುವೆ ಊಟದಲ್ಲಿ ಪಕ್ಕದವರು ಕೇಳಿದರೆಂದು ಬ್ಯಾಂಕಿನ ಹೆಸರು ಹೇಳಿದೆ. ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, “ಇರ್ಲಿ ಬಿಡ್ರಿ, ಮುಂದ ಎಲ್ಲೆರೆ ಚಲೋ ನೌಕರಿ ಸಿಗತೈತಿ” ಎಂದು ಸಮಾಧಾನ ಹೇಳಿದರು. ಆಗ ನನ್ನ ಸೇವೆಗೆ ಇಪ್ಪತ್ತೆರಡು ವರ್ಷ ತುಂಬಿತ್ತು.

ಆದರೆ ನಮ್ಮ ಬ್ಯಾಂಕಿಗೂ ಒಂದು ಇತಿಹಾಸವಿದೆ. ಅದು ಹುಟ್ಟಿದ್ದು ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರ ವಖಾರದ ಮುಂಗೋಣೆಯಲ್ಲಿ. ಒಳಗೆ ಗೋದಾಮಿನಲ್ಲಿ ಪೇರಿಸಿದ್ದ ತಂಬಾಕಿನ ಘಾಟಿಗೆ ಜನ ಸೀನುತ್ತಲೇ ಸಹಿ ಮಾಡುತ್ತಿದ್ದರಂತೆ. ಆ ಕಾಲದ ಸಹಿಗಳಿಗೆಲ್ಲ ಉದ್ದನೆಯ ಬಾಲವಿರುವುದು ಅದಕ್ಕೇ ಎಂದು ನಮ್ಮ ಹಿರಿಯ ಗುಮಾಸ್ತರು ಆಣೆ ಮಾಡಿ ಹೇಳುತ್ತಿದ್ದರು. ತೆರೆದ ದಿನ ಬೋಣಿ ಯಾರದಾಗಬೇಕು ಎಂಬ ಪ್ರಶ್ನೆ ಬಂತು. ಸ್ಥಾಪಕರೆಲ್ಲ ವ್ಯಾಪಾರಸ್ಥರು. ಮೊದಲ ವ್ಯವಹಾರ ಕೈಗುಣವಿದ್ದವರಿಂದಲೇ ಆಗಬೇಕೆಂಬುದು ಅವರ ರಕ್ತದಲ್ಲೇ ಬಂದದ್ದು. “ನೀವು ಮಾಡ್ರಿ”, “ಛೇ ಛೇ, ಹಿರ್ಯಾರು ನೀವು ಮಾಡ್ರಿ” ಎನ್ನುತ್ತ ಮಧ್ಯಾಹ್ನವಾಯಿತು. ಇದರಲ್ಲಿ ವಿನಯವೆಷ್ಟೋ, ಈ ಬ್ಯಾಂಕು ಎಷ್ಟು ದಿನ ಬಾಳೀತು ಎಂಬ ಅನುಮಾನವೆಷ್ಟೋ, ನನಗೆ ತಿಳಿಯದು. ಕೊನೆಗೆ ಬಸದಿಗೆ ಹೊರಟಿದ್ದ ಹೊಸ ಸೊಸೆಯೊಬ್ಬಳನ್ನು ಕರೆದರು. ಅವಳು ತಟ್ಟೆಯಲ್ಲಿದ್ದ ನಾಣ್ಯವೊಂದನ್ನು ಇವರ ಮೇಜಿನ ಮೇಲಿಟ್ಟು ಖಾತೆ ತೆರೆದಳು. ಅವರೇ ಪದ್ಮಾವತಿ, ಇಂದು ಊರಿಗೆಲ್ಲ ಪದ್ಮಾಯಿ.

ಬ್ಯಾಂಕು ಬಾಳಿತು. ಚಿಕ್ಕೋಡಿ ಶಾಖೆ ತೆರೆಯುವಾಗ ನೆನಪಿಟ್ಟು ಪದ್ಮಾಯಿಯನ್ನು ಕರೆಸಿದರು, ಅದೂ ಬೆಳೆಯಿತು. ರಾಯಬಾಗದಲ್ಲಿ ಮರೆತರು. ಮೊದಲ ದಿನವೇ ತಿಜೋರಿಯ ಕೀಲಿಕೈ ಒಳಗೇ ಮುರಿಯಿತು! ಪದ್ಮಾಯಿ ಪಾಲಬಾವಿಯ ಬೀಗರ ಮನೆಯಲ್ಲಿದ್ದಾರೆಂದು ತಿಳಿದು, ಕಬ್ಬಿನ ಟ್ರ್ಯಾಕ್ಟರಿನಲ್ಲೇ ಕೂರಿಸಿಕೊಂಡು ಬಂದರು. ಅವರು ಹೊಸ್ತಿಲು ದಾಟಿದ ಗಳಿಗೆಗೆ ತಿಜೋರಿ ತೆರೆಯಿತು. ಕೀಲಿ ರಿಪೇರಿಯವನು ಮುಂಜಾನೆಯಿಂದ ಬೆವರು ಸುರಿಸುತ್ತಿದ್ದನೆಂಬುದನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಅಥಣಿಗೆ ಕರೆಯುವಾಗ ಕಾರೇ ಹೋಯಿತು. ಪ್ರತಿ ಸಲವೂ ಖಣ, ಕಾಯಿ, ಗೋಧಿ ಹಾಕಿ ಅವರ ಉಡಿ ತುಂಬುವುದು ನಮ್ಮ ಬ್ಯಾಂಕಿನ ಪದ್ಧತಿ.

ಇನ್ನು ನನ್ನ ಸಂಗತಿ. ನಾನು ನಿಯಮದ ಮನುಷ್ಯ. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೂ ಲಿಖಿತವಾಗಿ ತಿಳಿಸುವವನು ಎಂದು ಹೆಂಡತಿ ನೆರೆಹೊರೆಯಲ್ಲಿ ಹೇಳಿಕೊಂಡು ಬಂದಿದ್ದಾಳೆ. ಹೋದ ವರ್ಷ ನಿಪ್ಪಾಣಿ ಶಾಖೆಯಲ್ಲಿ ಗ್ರಾಹಕರ ಗುರುತು ಪರೀಕ್ಷಿಸುವ ಕೆವೈಸಿ ಕೆಲಸ ನನ್ನ ಪಾಲಿಗೆ ಬಂತು. ಪದ್ಮಾಯಿ ಬಂದು ಹೆಬ್ಬೆಟ್ಟನ್ನು ಯಂತ್ರದ ಮೇಲಿಟ್ಟರು. ಯಂತ್ರ ಒಪ್ಪಲಿಲ್ಲ. ಮೂರು ಸಲ ಇಟ್ಟರೂ ಇಲ್ಲ. ಆಯುಷ್ಯವಿಡೀ ತಂಬಾಕು ಹಸನು ಮಾಡಿದ ಬೆರಳಿನಲ್ಲಿ ಗೆರೆಗಳೆಲ್ಲಿ ಉಳಿದಾವು? ಅದು ನನಗೆ ಆಗ ಹೊಳೆಯಲಿಲ್ಲ. “ಆಯಿ, ನೀವ ಪದ್ಮಾವತಿ ಅಂತ ಏನ್ರಿ ಗ್ಯಾರಂಟಿ?” ಎಂದುಬಿಟ್ಟೆ. ಆಯಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಪಾಸ್‌ಬುಕ್ಕು ಎತ್ತಿಕೊಂಡು, “ಇನ್ನ ಈ ಬ್ಯಾಂಕಿನ ಹೊಸ್ತಿಲ ತುಳಿದ್ರ ಕೇಳು” ಎಂದು ಹೊರಟೇಹೋದರು. ನಿಯಮ ಕಾಪಾಡಿದೆನೆಂದು ಆ ದಿನ ನನಗೆ ಹೆಮ್ಮೆಯಾಗಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಈ ವರ್ಷ ಕಾಗವಾಡದಲ್ಲಿ ಹೊಸ ಶಾಖೆ ಎಂದಾಯಿತು. ಅಂತೂ ನನಗೆ ಮ್ಯಾನೇಜರಿಕೆ ಬಂತು. ಹೆಂಡತಿ ಚಿಕ್ಕೋಡಿಯ ನಮ್ಮ ಓಣಿಗೆಲ್ಲ ಪೇಢೆ ಹಂಚಿ, ನನಗೊಂದು ಕೋಟು ಹೊಲಿಸಿದಳು. ಕೋಟಿನ ಅಳತೆ ಕೊಡುತ್ತಿದ್ದಾಗಲೇ ಬ್ಯಾಂಕಿನ ಅಧ್ಯಕ್ಷರ ಫೋನು. “ಬೋಣಿಗೆ ಪದ್ಮಾಯಿ ಬರಬೇಕು ನೋಡು. ಕೆಡಿಸಿದಾಂವ ನೀನು, ಕರಕೊಂಡ ಬರಾಂವನೂ ನೀನ. ಅವ್ರು ಬರಲಿಲ್ಲಂದ್ರ ನೀನೂ ಬರಬ್ಯಾಡ, ಕಾಗವಾಡಕ್ಕ ಬ್ಯಾರೆದಾಂವನ್ನ ಕಳಸ್ತೀನಿ.” ದರ್ಜಿ ಟೇಪು ಹಿಡಿದುಕೊಂಡು, ಎದೆಯ ಸುತ್ತಳತೆ ಒಮ್ಮೆಲೇ ಎರಡು ಇಂಚು ಕಡಿಮೆಯಾಯಿತಲ್ಲ ಎಂದು ಆಶ್ಚರ್ಯಪಟ್ಟ.

ಉದ್ಘಾಟನೆಗೆ ಮೂರು ದಿನ ಮೊದಲು ನಿಪ್ಪಾಣಿಯಲ್ಲಿ ಆಯಿಯ ಮನೆಗೆ ಹೋದೆ. ಆಯಿ ಪಡಸಾಲೆಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದರು.

“ಯಾರಪಾ?”

“ನಾ ಬ್ಯಾಂಕಿನಾಂವ್ರಿ, ಆಯಿ.”

“ಬ್ಯಾಂಕಿನಾಂವ ಅಂತ ಹ್ಯಾಂಗ ನಂಬಲಿ? ಕಾಗದ ತಗಿ.”

ಗುರುತಿನ ಚೀಟಿ ಕೊಟ್ಟೆ. ಕನ್ನಡಕ ಏರಿಸಿ ನೋಡಿದರು. “ಇದರಾಗಿನಾಂವಗ ತಲಿ ತುಂಬ ಕೂದ್ಲ ಅದಾವು.”

“ಅದು ಹಳೇ ಫೋಟೋರಿ.”

“ನನ್ನ ಹೆಬ್ಬಟ್ಟೂ ಹಳೇದ ಅಲ್ಲೇನೋ, ಹುಚ್ಚಪ್ಯಾ?”

“ತಪ್ಪಾತ್ರಿ ಆಯಿ” ಎಂದೆ. ಮ್ಯಾನೇಜರಿಕೆಯ ಆಸೆಗೆ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತು, ಹೇಳುವಾಗ ನಿಜವೇ ಆಗಿತ್ತು. ಆಯಿ ಮಣೆ ಸರಿಸಿ ಕೂರಿಸಿಕೊಂಡು ತಮ್ಮ ವಿಚಾರಣೆ ಶುರು ಮಾಡಿದರು. ಯಾವೂರು? ಅಪ್ಪ ಏನು ಮಾಡುತ್ತಿದ್ದ? ಅವ್ವನ ತವರು ಯಾವುದು? ಮಂಗಸೂಳಿ ಎಂದೆ. ಮಂಗಸೂಳಿಯಲ್ಲಿ ಯಾರ ಮನೆ? ಚಹ ಬರುವಷ್ಟರಲ್ಲಿ ಅವರ ತಂಗಿಯನ್ನು ಕೊಟ್ಟದ್ದು ನನ್ನ ಅಜ್ಜನ ಮನೆಯ ಪಕ್ಕದಲ್ಲೇ ಎಂದು ಗೊತ್ತಾಯಿತು. “ಅಯ್ಯ, ಸುಶೀಲಾನ ಮಗ ಏನೋ ನೀ! ಅಕಿ ಭಾಳ ಶಾಣ್ಯಾಕಿ ಅಂತ ನಮ್ಮ ತಂಗಿ ಹೇಳತಿದ್ಳು. ನೀ ಯಾರ ಹಂಗ ಹುಟ್ಟಿದ್ಯೋ?” ನಮ್ಮ ಯಂತ್ರಕ್ಕೆ ಇಷ್ಟು ವಿಷಯ ತಿಳಿಯಲು ಏಳು ಜನ್ಮ ಬೇಕು. ಬರುತ್ತೇನೆಂದು ಒಪ್ಪಿದರು.

ಉದ್ಘಾಟನೆಯ ದಿನ ಉಗಾರ ಬುದ್ರುಕದ ಕಬ್ಬಿನವರು, ಅಥಣಿ ಕಡೆಯ ದ್ರಾಕ್ಷಿಯವರು, ಪೇಟೆಯವರು ಎಲ್ಲ ಬಂದಿದ್ದರು. ಕೈಯಲ್ಲಿ ತುಂಬಿದ ಅರ್ಜಿ ಹಿಡಿದು ಸಾಲಾಗಿ ನಿಂತಿದ್ದರು. ಒಬ್ಬರೂ ಕೌಂಟರಿನ ಹತ್ತಿರ ಸುಳಿಯಲಿಲ್ಲ. “ಆಯಿ ಬರ್ಲಿ, ಆಮ್ಯಾಲ ನೋಡೂಣು” ಎಂಬುದೇ ಎಲ್ಲರ ಮಾತು. ಆಯಿ ಬಂದರು. ಉಡಿ ತುಂಬಿಸಿಕೊಂಡರು. ಕ್ಯಾಶಿಯರ್ ಸವಿತಾ ಯಂತ್ರವನ್ನು ಮುಂದೆ ಸರಿಸಿದಳು. ಈ ಹುಡುಗಿಗೆ ನಿಯಮಗಳನ್ನು ಅಕ್ಷರ ತಪ್ಪದಂತೆ ಕಲಿಸಿದವನು ನಾನೇ.

“ಆ ಪೆಟ್ಟಿಗಿ ಮ್ಯಾಲ ನಾ ಬಟ್ಟ ಇಡಂಗಿಲ್ಲವಾ” ಎಂದರು ಆಯಿ, ನನ್ನ ಕಡೆ ಕೈ ಮಾಡಿ. “ಖಾತೆ ಇವನ ಹೆಸರಲೆ ತಗಿ. ರೊಕ್ಕ ನನ್ನ ಕೈಲೆ ಇಡ್ತೀನಿ. ಬಟ್ಟ ಇವನ ಒತ್ತಲಿ.”

ಅಷ್ಟೇ ತಾನೆ ಎಂದು ನಾನು ಕೋಟಿನ ತೋಳು ಹಿಂದೆ ಸರಿಸಿ ಠೀವಿಯಿಂದ ಒತ್ತಿದೆ. ಕೆಂಪು ದೀಪ! ಕರವಸ್ತ್ರದಿಂದ ಒರೆಸಿ ಒತ್ತಿದೆ. ಕೆಂಪು. ಮೂರನೆಯ ಸಲವೂ ಕೆಂಪು. ಇಪ್ಪತ್ತೆರಡು ವರ್ಷ ಒದ್ದೆ ಸ್ಪಂಜಿಗೆ ತಿಕ್ಕಿ ತಿಕ್ಕಿ ನೋಟು ತಿರುವಿದ ನನ್ನ ಹೆಬ್ಬೆಟ್ಟು ಎಂದೋ ಸಪಾಟಾಗಿತ್ತು. ಹಿಂದಿನಿಂದ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಶಾಖೆ ನಕ್ಕಿತು. ಸಾಲಿನಲ್ಲಿದ್ದ ಇಬ್ಬರು ಅಪಶಕುನವೆಂದು ಅರ್ಜಿ ಮಡಚತೊಡಗಿದರು. ಅಧ್ಯಕ್ಷರು ನನ್ನ ಕಡೆ ನೋಡಿದ ರೀತಿಯಲ್ಲಿ ನನಗೆ ವರ್ಗಾವಣೆಯ ಆದೇಶವೇ ಕಂಡಿತು.

“ಸರ್, ಮಷೀನ್ ತಗೊಳ್ಳಿಲ್ಲಂದ್ರ ಕಾಗದದ ಫಾರ್ಮ್ ತುಂಬಬೇಕ್ರಿ” ಎಂದಳು ಸವಿತಾ. ಹೋದ ವರ್ಷ ಆಯಿಯ ಮುಂದೆ ನನಗೆ ನೆನಪಾಗದೇ ಹೋಗಿದ್ದ ನಿಯಮವಿದು. “ಅದಕ್ಕ ಪರಿಚಯದವರ ಸಹಿ ಬೇಕು. ನಿಮ್ಮನ್ನ ಬಲ್ಲವರು ಇಲ್ಲಿ ಯಾರರೆ ಅದಾರೇನ್ರಿ?”

ಅಧ್ಯಕ್ಷರು ಛಾವಣಿಯ ಫ್ಯಾನು ನೋಡತೊಡಗಿದರು. “ತಾ ಇಲ್ಲೆ” ಎಂದು ಆಯಿ ಪೆನ್ನು ಕಸಿದುಕೊಂಡು ನಿಧಾನವಾಗಿ ತಮ್ಮ ಹೆಸರು ಬರೆದರು. ನನಗೆ ಕಣ್ಣು ತುಂಬಿ ಬಂತು. ಕೆಳಗೆ ಇನ್ನೊಂದು ಕಾಲಂ ಇತ್ತು: ಅರ್ಜಿದಾರರನ್ನು ಎಷ್ಟು ಕಾಲದಿಂದ ಬಲ್ಲಿರಿ? ಸವಿತಾ ಓದಿ ಕೇಳಿದಳು.

“ಮೂರ್ ದಿನ ಅಂತ ಬರಿ, ಮಗಳ” ಎಂದರು ಆಯಿ. “ಅದಕ್ಕೂ ಮೊದ್ಲ ನಿಪ್ಪಾಣ್ಯಾಗ ಇಂವನ ಖುರ್ಚ್ಯಾಗ ಬ್ಯಾರೆ ಒಬ್ಬಾಂವ ಕುಂದರತಿದ್ದ. ಅವಂದ ಗ್ಯಾರಂಟಿ ನಾ ಕೊಡಂಗಿಲ್ಲ.”

ಸವಿತಾ ಒಂದಕ್ಷರ ಬಿಡದೆ ಬರೆದುಕೊಂಡಳು. ಅದರ ಕೆಳಗೆ ‘ಮೇಲಿನ ಮಾಹಿತಿ ನಿಜವೆಂದು ಖಾತ್ರಿಪಡಿಸಿಕೊಂಡಿದ್ದೇನೆ’ ಎಂಬಲ್ಲಿ ಶಾಖಾ ವ್ಯವಸ್ಥಾಪಕರ ಸಹಿ ಬೇಕಿತ್ತು. ಹಾಕಿದೆ. ಆಯಿ ಸೆರಗಿನ ಗಂಟು ಬಿಚ್ಚಿದರು, ಸಾಲು ಮುಂದೆ ಸರಿಯಿತು.